ಚಿಕ್ಕಪ್ಪನ ಎಡ ಭುಜ

ಚಿಕ್ಕಪ್ಪನ ಬೆನ್ನಿಗೆ ಮಣ್ಣು ಕಾಣಿಸಿದವರು ಹುಣಸೂರಿನ ಗರಡಿಯಲ್ಲಿ ಯಾರೂ ಇರಲಿಲ್ಲ. ಪಿರಿಯಾಪಟ್ಟಣದಲ್ಲೂ ಇರಲಿಲ್ಲ ಎಂದು ಮನೆಯವರು ಹೇಳುತ್ತಿದ್ದರು, ಎಷ್ಟು ನಿಜವೋ. ಕುಸ್ತಿಯಲ್ಲಿ ಸೋಲೆಂದರೆ ಎರಡೂ ಭುಜ ಒಟ್ಟಿಗೆ ಮಣ್ಣಿಗೆ ತಾಗಬೇಕು. ಒಂದು ಭುಜ ಬೆರಳಿನಷ್ಟು ಮೇಲಿದ್ದರೂ ಪೈಲ್ವಾನ ಇನ್ನೂ ಬಿದ್ದಿಲ್ಲ.

ಐವತ್ತರ ದಶಕದಲ್ಲಿ ನಾನು ಮೈಸೂರಿನಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಗ ಅಲ್ಲಿನ ಸ್ಟುಡಿಯೋದವರು ಚಿಕ್ಕಪ್ಪನನ್ನು ಕರೆಸಿಕೊಂಡರು. ರಾಜನ ಆಸ್ಥಾನದಲ್ಲೊಂದು ಕುಸ್ತಿ. ನಾಯಕನ ಕೈಲಿ ಬೀಳಬೇಕು, ಅಷ್ಟೇ ಕೆಲಸ. ಊರಿಗೆ ಬಂದವನು ಮೀಸೆ ತೀಡುತ್ತ ಅಮ್ಮನಿಗೆ ಹೇಳಿದ: "ಬಿದ್ದೆ ಕಣತ್ತಿಗಮ್ಮ, ಆದ್ರೆ ಎಡ ಭುಜ ಮಣ್ಣಿಗೆ ಬುಡ್ನಿಲ್ಲ. ಆ ನರಪೇತಲಂಗೆ ಅದೆಲ್ಲಿ ಗೊತ್ತಾಯ್ತದೆ?" ಈ ಮಾತನ್ನು ನಾನೇ ಕೇಳಿದ್ದೋ, ಅಮ್ಮ ಆಮೇಲೆ ಹೇಳಿದ್ದನ್ನು ನನ್ನದೇ ನೆನಪಾಗಿ ಮಾಡಿಕೊಂಡಿದ್ದೇನೋ ತಿಳಿಯದು. ಊರೆಲ್ಲ ಅದನ್ನು ಸಾರಿದವರು ನಾವೇ ಎಂಬುದರಲ್ಲಿ ಅನುಮಾನವಿಲ್ಲ.

ಆ ಸಿನಿಮಾ ಬಂದ ವರ್ಷ ಕೃಷ್ಣರಾಜನಗರದಲ್ಲಿ ದೊಡ್ಡ ಕುಸ್ತಿ ಇತ್ತು. ಪಿರಿಯಾಪಟ್ಟಣದ ಪೈಲ್ವಾನನೊಬ್ಬನ ಜೊತೆ ಹಿಡಿಯಬೇಕೆಂಬುದು ಚಿಕ್ಕಪ್ಪನ ಬಹುಕಾಲದ ಆಸೆ. ಜೋಡಿ ಕಟ್ಟುವ ದಿನ ಒಪ್ಪಿದ ಇಬ್ಬರೂ ಎಲ್ಲರೆದುರು ಕೈ ಕೊಡಬೇಕು. ಚಿಕ್ಕಪ್ಪ ಕೈ ಚಾಚುವಷ್ಟರಲ್ಲಿ ಪಿರಿಯಾಪಟ್ಟಣದ ಉಸ್ತಾದ್ ಅಡ್ಡ ಬಂದರು.

"ಸಿನಿಮಾದೋನ್ ಕೈಲಿ ಬಿದ್ದೋನ್ ಜೊತೆ ನಮ್ಮೋನು ಇಡಿಯಾಕಿಲ್ಲ."

"ಎಲ್ಲಿ ಬಿದ್ದೆ? ಒಂದ್ ಭುಜ ಎದ್ದಿತ್ತು ಕಣ್ರಣ್ಣ."

"ಎದ್ದಿತ್ತೋ ಮಲಗಿತ್ತೋ, ನಿಮ್ಮೂರ ಟೆಂಟ್‌ನಾಗೇ ಓಡ್ತಾ ಅದಲ್ಲ, ನೋಡೇ ಬುಡಾವ."

ಸಿನಿಮಾ ಬರೀ ನಟನೆ, ಅದರಲ್ಲಿ ಬೀಳುವುದು ಸೋಲಲ್ಲ ಎಂದು ನಾನು ವಾದಿಸಿದೆ. ನಮ್ಮ ಉಸ್ತಾದರೇ ಒಪ್ಪಲಿಲ್ಲ. "ನಟ್ನೆ ಎಲ್ಲಾ ಮುಖದಲ್ಲಪ್ಪ. ಬೆನ್ನು ಮಣ್ಣಿಗೆ ತಾಕುದ್ರೆ ತಾಕ್ದಂಗೇ."

ಸಂಜೆಯ ಆಟಕ್ಕೆ ಎರಡೂ ಗರಡಿಯವರು ಪರದೆಯ ಮುಂದೆ ಮರಳಲ್ಲಿ ಕೂತರು. ಹಾಡು ಬಂದಾಗ ಬೀಡಿ ಹಚ್ಚಿದರು, ನಾಯಕಿ ಅತ್ತಾಗ ಆಕಳಿಸಿದರು. ಕುಸ್ತಿ ಬಂತು. ನಾಯಕ ಚಿಕ್ಕಪ್ಪನನ್ನು ಎತ್ತಿ ಒಗೆದ. ಧೂಳೆದ್ದಿತು. ಅಷ್ಟು ಧೂಳಿನಲ್ಲಿ ನನಗೆ ಭುಜ ಕಂಡದ್ದು ಹೇಗೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಆದರೆ ಕಂಡಿತು. ಎರಡೂ ಹಾಸಿಗೆಯ ಮೇಲೆ ಮಲಗಿದ ಹಾಗೆ ನೆಲಕ್ಕಂಟಿದ್ದವು. ಎದೆಯ ಮೇಲೆ ನಾಯಕನ ಕಾಲಿತ್ತು.

"ಪೈಲ್ವಾನ್ರು ಮಲಿಕ್ಕಂಡವ್ರೆ, ದಿಂಬು ಕೊಡ್ರಲಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಟೆಂಟೆಲ್ಲ ನಕ್ಕಿತು. ಅಪ್ಪ ಹೆಗಲ ಟವಲನ್ನು ತಲೆಯ ಮೇಲೆಳೆದುಕೊಂಡರು. ನನ್ನ ಕಿವಿ ಸುಡುತ್ತಿತ್ತು. ಪಕ್ಕದಲ್ಲಿದ್ದ ಚಿಕ್ಕಪ್ಪನ ಮುಖ ನೋಡಲಾಗಲಿಲ್ಲ.

ಆಚೆ ಬಂದ ಮೇಲೆ ಪಿರಿಯಾಪಟ್ಟಣದ ಉಸ್ತಾದರೇ ಮೆತ್ತಗಾದರು. "ಓಗ್ಲಿ ಬುಡಿ, ಬಣ್ಣ ಅಚ್ಕಂಡು ಬಿದ್ದಿದ್ದು. ಕೈ ಕೊಡ್ಲಾ," ಎಂದು ತಮ್ಮ ಪೈಲ್ವಾನನನ್ನು ಮುಂದೆ ತಳ್ಳಿದರು. ಅವನು ಕೈ ಚಾಚಿದ. ಅಷ್ಟು ವರ್ಷ ಬಯಸಿದ್ದ ಕೈ. ಚಿಕ್ಕಪ್ಪ ಅದನ್ನು ಹಿಡಿಯದೆ ಕೈಮುಗಿದ.

"ಮೊದ್ಲು ಭುಜ ಎತ್ಕಂಡೇ ಬಿದ್ದೆ ಕಣ್ರಣ್ಣ. ನೆಟ್ಟಗೆ ಬೀಳಯ್ಯ ಅಂತ ಡೈರೆಟ್ರು ಎಲ್ರ ಮುಂದೂ ಬೈದ್ರು. ಬುಟ್ಬುಟ್ಟೆ. ಮನೇಲಿ ಸುಳ್ಳೇಳ್ದೆ."

ಅಪ್ಪ ಮುಂದೆ ಮುಂದೆ ನಡೆದರು. ನಾವು ಮೂವರೂ ಒಬ್ಬರಿಗೊಬ್ಬರು ಗುರುತಿಲ್ಲದವರಂತೆ ಮನೆ ಸೇರಿದೆವು. ಟೆಂಟಿನಲ್ಲಿ ಕಂಡದ್ದನ್ನು ಅಮ್ಮನಿಗೆ ಹೇಳಲಿಲ್ಲ.

ಚಿಕ್ಕಪ್ಪ ಮತ್ತೆ ಅಖಾಡಕ್ಕಿಳಿಯಲಿಲ್ಲ. ಸ್ಟುಡಿಯೋಗೆ ಮಾತ್ರ ಕರೆದಾಗಲೆಲ್ಲ ಹೋದ. ರಾಕ್ಷಸನಾಗಿ, ಕಾವಲುಗಾರನಾಗಿ, ಕಳ್ಳನಾಗಿ ಬಿದ್ದ. ಒಮ್ಮೆ ಅಪ್ಪ ಕೊಟ್ಟ ಬುತ್ತಿ ತಲುಪಿಸಲು ಅಲ್ಲಿಗೆ ಹೋಗಿದ್ದೆ. ಹೇಗೆ ಬೀಳಬೇಕೆಂದು ನಿರ್ದೇಶಕರು ವಿವರಿಸುತ್ತಿದ್ದರು.

"ಎರಡು ಭುಜಾನೂ ತಾಕಿಸ್ತೀನಿ ಸ್ವಾಮಿ," ಎಂದ ಚಿಕ್ಕಪ್ಪ, "ಒಂದೇ ಸಲಕ್ಕೆ ತಗೊಳಿ."

ಅವರಿಗೆ ಖುಷಿಯಾಯಿತು. ಆಗ ಅವನು ನನ್ನನ್ನು ಕಂಡ. ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ: "ಅತ್ತಿಗಮ್ಮ ಸಿನಿಮಾಗೆ ಓಗ್ತಾರೇನ್ಲಾ?"

"ಇಲ್ಲ ಚಿಕ್ಕಪ್ಪ."

"ಒಳ್ಳೇದಾಯ್ತು ಬುಡು," ಎಂದು ದೀಪಗಳ ಕೆಳಗೆ ಹೋಗಿ ನಿಂತ.