ತಂಬೂರಿ ಮಲಗುವ ಕಾರು

ಓಝರ್ ವಿಮಾನ ಕಾರ್ಖಾನೆಯ ಫಿಟ್ಟರ್ ಭುಜಂಗರಾಯರ ಟಾಂಗಾ ಕಂಡರೆ ಸಾಕು, ನಾಸಿಕದ ಕಾರು ದಲಾಲ ಲಿಂಗರಾಜು ತಲೆಯ ಮೇಲೆ ಕೈ ಹೊತ್ತು ಕೂಡುತ್ತಿದ್ದ. ರಾಯರು ಪ್ರತಿ ರವಿವಾರ ಭಜನಾ ಮಂಡಳಿಯ ಹಾರ್ಮೋನಿಯಂ ಪೇಟಿ, ತಬಲಾ, ತಂಬೂರಿ ಹೇರಿಕೊಂಡೇ ಸಣ್ಣ ಕಾರು ನೋಡಲು ಬರುವವರು. "ಎಂಜಿನ್ ಆಮ್ಯಾಲ ನೋಡೋಣ್ರಿ, ಮೊದಲ ತಂಬೂರಿ ಮಲಗಲಿ" ಎಂದು ಹಿಂದಿನ ಸೀಟಿಗೆ ಕೌದಿ ಹಾಸುವರು. ಡಿಕ್ಕಿಯೊಳಗೆ ತಾವೇ ಹೊಕ್ಕು ತಬಲಾ ಬಾರಿಸಿ ನೋಡುವರು. ತಂಬೂರಿಯನ್ನು ಕಾರಿನ ಮೇಲಿನ ಕ್ಯಾರಿಯರ್‌ಗೆ ಕಟ್ಟೋಣವೆಂದು ಲಿಂಗರಾಜು ಅಂದರೆ, "ನಿಮ್ಮ ಅಜ್ಜೀನ್ನ ಹಂಗ ಕಟ್ಟಿ ಒಯ್ತೀರೇನ್ರಿ?" ಎನ್ನುವರು. ಎಲ್ಲ ಹಿಡಿಸಿದ ಮೇಲೂ ಮುಂದಿನ ಸೀಟಿನೆದುರು ಟೇಪು ಹಿಡಿದು, "ಎರಡಿಂಚು ಕಮ್ಮಿ" ಎಂದು ಸಾಮಾನು ಇಳಿಸತೊಡಗುವರು. ಅಲ್ಲೇನು ಇಡುತ್ತೀರೆಂದು ಲಿಂಗರಾಜು ಒಮ್ಮೆ ರೇಗಿಯೇ ಕೇಳಿದ. "ನಮ್ಮನಿಯಾಕೀ ಕಾಲು ಮಡಚಂಗಿಲ್ರಿ. ಬಸ್ ಹತ್ತಲಾರದ ಎರಡು ವರ್ಷ ಆತು, ಹಾಡಾಕ ಬಂದಿಲ್ಲ. ಆಕೀನ ಬರದಿದ್ರ, ಈ ಸಾಮಾನೆಲ್ಲ ಯಾರ ಸಲುವಾಗಿ ಒಯ್ಲಿ?"