ಮತದಾನದ ದಿನವೂ ಪಾಠ

ಇಂದು ಮಗಳ ಶಾಲೆಯ ಆಟದ ಹಾಲಾದ ಜಿಮ್‌ನಲ್ಲಿ ವೋಟು ಹಾಕಲು ನಿಂತಾಗ, ನೆಲದ ಪಾಲಿಶ್ ವಾಸನೆಗೆ ನಾನು ಬೆಳೆದ ಊರು ಓಲ್ಡ್ ಬ್ರಿಡ್ಜ್‌ನ ನನ್ನ ಎರಡನೇ ಕ್ಲಾಸು ನೆನಪಾಯಿತು.

ಇಂದಿನಂತೆ ಅಂದೂ ಶಾಲೆಗೆ ರಜೆ ಕೊಟ್ಟಿರಲಿಲ್ಲ; ಪಾಠದ ನಡುವೆಯೇ ಮತದಾನ. ಕಾರಿಡಾರಿನ ತುಂಬ ಅಪರಿಚಿತರಿದ್ದಾರೆಂದು ಟೀಚರ್ ಯಾರನ್ನೂ ಬಾತ್‌ರೂಮಿಗೆ ಬಿಡಲಿಲ್ಲ. ನಾನು ಮೂರು ಸಲ ಕೈ ಎತ್ತಿದೆ. ಕೊನೆಗೆ ಕುರ್ಚಿಯಲ್ಲೇ ಒದ್ದೆ ಮಾಡಿಕೊಂಡೆ. ಎಲ್ಲರೂ ನಕ್ಕರು.

ವೋಟಿನ ಸಾಲಿನಲ್ಲಿದ್ದ ಅಮ್ಮನನ್ನು ಕರೆಸಿದರು. ಅವಳು ತನ್ನ ಕೋಟನ್ನು ನನ್ನ ಸೊಂಟಕ್ಕೆ ಬಿಗಿದಳು.

"ಇಟ್ಸ್ ಜಸ್ಟ್ ಒನ್ ಡೇ," ಎಂದರು ಪ್ರಿನ್ಸಿಪಾಲರು.

"ದೆನ್ ಕ್ಲೋಸ್ ದ ಸ್ಕೂಲ್ ಫಾರ್ ಒನ್ ಡೇ!" ಎಂದು ಅಮ್ಮ ಗದರಿದಳು. ಕಾರಿನಲ್ಲಿ ನನಗೆ ಹೇಳಿದಳು: "ನೀನ್ಯಾಕೆ ಅಳ್ತೀಯ ಪುಟ್ಟಿ? ನಾಚಿಕೆ ಆಗ್ಬೇಕಾಗಿರೋದು ಅವರಿಗೆ."

ಇಷ್ಟು ವರ್ಷವಾದರೂ ಇವರಿಗೆ ನಾಚಿಕೆಯಾಗಿಲ್ಲ. ವೋಟು ಹಾಕಿದವಳೇ ಆಫೀಸಿಗೆ ಹೋಗಿ ಮಗಳನ್ನು ಮನೆಗೆ ಕರೆದುಕೊಂಡು ಬಂದೆ. ಆಫೀಸಿನ ರಿಜಿಸ್ಟರಿನಲ್ಲಿ, ಬೇಗ ಕರೆದೊಯ್ಯಲು ಕಾರಣ ಬರೆಯುವ ಜಾಗದಲ್ಲಿ 'ಎಲೆಕ್ಷನ್' ಎಂದು ಒತ್ತಿ ಬರೆದೆ.