ತಿರುವಿನಲ್ಲಿ ಕೇಳಿದ ಕೆಂಪು ಬಟ್ಟೆ

ನನ್ನ ಹತ್ತಿರ ಕೆಂಪು ಬಟ್ಟೆ ಇತ್ತು, ಶಂಕ್ರಮ್ಮಕ್ಕಾ. ನಿಮ್ಮ ಯಜಮಾನರು ಕೇಳಿದಾಗ ಸುಮ್ಮನೆ ಕೂತಿದ್ದೆ — ಅಲ್ಲ, ನಿಂತಿದ್ದೆ. ಹೊಲದ ಬದುವಿನ ಮೇಲೆ, ನನ್ನ ಟ್ರಂಕಿನ ಪಕ್ಕ.

ಯುದ್ಧದ ಕಾಲ; ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು. ಬಳ್ಳಾರಿಯಿಂದ ಕುರುಗೋಡಿಗೆ, ತಮ್ಮನ ಮದುವೆಗೆ ಹೊರಟಿದ್ದೆ. ಗುಡ್ಡದ ತಿರುವು ದಾಟುತ್ತಲೇ ಬಸ್ಸು ಕೆಮ್ಮಿ ನಿಂತಿತು. ಡ್ರೈವರ್ ವಿರೂಪಣ್ಣ — ನಿಮ್ಮವರು — ಮೊದಲು ಗಾಲಿಗೆ ಕಲ್ಲು ಕೊಟ್ಟರು, ಆಮೇಲೆ ನಮ್ಮನ್ನು ಸಾಮಾನು ಸಮೇತ ಇಳಿಸಿದರು.

"ಹೊಲದ ಕಡೆ ನಿಂದರ್ರಿ. ರಸ್ತೆ ಮ್ಯಾಲೆ ಯಾರೂ ಬರಬ್ಯಾಡ್ರಿ. ಕೆಂಪು ಬಟ್ಟಿ ಯಾರ ಹತ್ರರ ಐತೇನ್ರಿ? ತಿರುವಿನ್ಯಾಗ ಗಿಡಕ್ಕ ಕಟ್ಟಿದ್ರ ಹಿಂದ ಬರೋರಿಗೆ ಕಾಣತೈತಿ."

ಎಲೆಯಡಿಕೆ ಜಗಿಯುತ್ತಿದ್ದ ಮುದುಕಿಯೊಬ್ಬಳು, "ನಾನಽ ಬಾಯಿ ತಗದು ನಿಂದರ್ಲೇನಪ್ಪಾ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ — ಕೈ ಟ್ರಂಕಿನ ಚಿಲಕದ ಮೇಲಿತ್ತು. ಒಳಗೆ ಅವ್ವ ಕೊಟ್ಟ ಕೆಂಪು ರೇಷ್ಮೆ ಸೀರೆ, ಮಡಿಕೆ ಬಿಚ್ಚದ್ದು. ಧೂಳು, ಹೊಗೆ, ಯಾರದೋ ಕೈ... ಬಟ್ಟೆಗೆ ಬರವಿದ್ದ ಕಾಲ ಎಂದು ಬರೆಯಬಹುದು. ಬೇಡ. ಮದುವೆಯಲ್ಲಿ ಉಟ್ಟು ಮೆರೆಯಬೇಕಿತ್ತು, ಅಷ್ಟೇ.

"ಇರ್ಲಿ ಬಿಡ್ರಿ" ಎಂದು ಅವರು ತಲೆಯ ಬಿಳಿ ರುಮಾಲು ಬಿಚ್ಚಿ, ತಾವೇ ತಿರುವಿಗೆ ಹೋಗಿ ಬೀಸುತ್ತ ನಿಂತರು.

ಲಾರಿ ಬಂತು. ಹಾರನ್ ಹೊಡೆಯಿತೇ? ನೆನಪಿನಲ್ಲಿ ಕೆಲವು ದಿನ ಹೊಡೆಯುತ್ತದೆ, ಕೆಲವು ದಿನ ಇಲ್ಲ. ಹೊಡೆದ ದಿನ ನನಗೆ ನಿದ್ದೆ ಬರುತ್ತದೆ. ಅದಕ್ಕೇ ಅದನ್ನು ನಂಬುವುದಿಲ್ಲ. ಸೀರೆಯೂ ವರ್ಷದಿಂದ ವರ್ಷಕ್ಕೆ ಹೆಚ್ಚು ಕೆಂಪಾಗುತ್ತಿದೆ. ಬದಲಾಗದ್ದು ಒಂದೇ — ರಸ್ತೆಯಲ್ಲಿ ಬಿದ್ದಿದ್ದ ಅವರ ಪಕ್ಕ ಕುಕ್ಕರಿಸಿದ್ದ ಲಾರಿಯವನ ಮಾತು: "ಬಿಸಲಾಗ ಬಿಳೇದು ಕಾಣ್ಲಿಲ್ಲೋ ಯಪ್ಪಾ... ಕಾಣ್ಲಿಲ್ಲೋ..."

ಒಂದೇ ಓಣಿಯವರು ನಾವು. ನಿಮ್ಮ ಮನೆಗೆ ಬಂದು, ನಮ್ಮನ್ನೆಲ್ಲ ಉಳಿಸಿ ಹೋದರು ಎಂದು ಹೇಳಿದವಳು ನಾನೇ. ಅದು ನಿಜ. ಆ ನಿಜದ ಹಿಂದೆ ಇಷ್ಟು ವರ್ಷ ಅಡಗಿಕೊಂಡಿದ್ದೆ.

ಸೀರೆಯನ್ನು ನಾನು ಉಡಲೇ ಇಲ್ಲ. ನಿಮ್ಮ ಮಗಳು ನೀಲಾಳ ಮದುವೆಗೆ ತಂದುಕೊಟ್ಟೆ. "ಇಂಥಾ ಸೀರಿ ಯಾರು ಕೊಡತಾರ ತಂಗಿ? ನಿನ್ನ ಮನಸು ದೊಡ್ಡದು" ಅಂದಿರಿ. ಅವಳು ಅದನ್ನುಟ್ಟು ನನ್ನ ಕಾಲಿಗೆ ಬಿದ್ದಳು. ತಲೆ ಮುಟ್ಟಿ ಹರಸಿದೆ — ಮತ್ತೊಮ್ಮೆ ಸುಮ್ಮನಿದ್ದೆ.

ಆ ಸೀರೆ ಅಂದು ಎಲ್ಲಿತ್ತೆಂದು ನೀಲಾಳಿಗೂ ನಾನೇ ಹೇಳುತ್ತೇನೆ. ಆ ಕೆಲಸವೂ ನಿಮ್ಮ ಪಾಲಿಗೆ ಬರಬಾರದು.